ಯಕ್ಷಗಾನ ಮೇಳದ ವೇಷಧಾರಿಗೆ ಸೀರಿಯಲ್‌ನಲ್ಲಿ ಮಾವನ ಪಾತ್ರ: ಒಪ್ಪುವುದಾ, ಬಿಡುವುದಾ? ಬಲ್ಲವರು ಹೇಳಿ

ನೀರ್ಚಾಲಿನವ
ನಮ್ಮ ಊರಿನ ತೆಂಕುತಿಟ್ಟು (ಯಕ್ಷಗಾನದ ದಕ್ಷಿಣದ ಶೈಲಿ) ವೇಷಧಾರಿಯೊಬ್ಬರ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 52, ಮೇಳದ ವಾರ್ಷಿಕ ತಿರುಗಾಟ 28 ಆಗಿದೆ. ಬೆಂಗಳೂರಿನ ದೈನಂದಿನ ಧಾರಾವಾಹಿಯೊಂದರಲ್ಲಿ ನಾಯಕಿಯ ಮಾವನ ಪಾತ್ರ ಸಿಕ್ಕಿದೆ. ಲುಕ್ ಟೆಸ್ಟ್ ಮುಗಿದಿದೆ, ಚಾನೆಲ್‌ನವರೂ ಒಪ್ಪಿದ್ದಾರಂತೆ. ತಿಂಗಳಿಗೆ 12 ದಿನ ಡೇಟ್ ಕೊಡಿ ಎನ್ನುತ್ತಿದ್ದಾರೆ. ನಾಳೆ ಸಂಜೆ 5ಕ್ಕೆ ಮ್ಯಾನೇಜರ್ ಫೋನ್ ಬರುತ್ತದೆ, ಆಗ ಹೌದು ಅಥವಾ ಇಲ್ಲ ಅನ್ನಬೇಕು.

ಪತ್ತನಾಜೆ (ಮೇಳದ ತಿರುಗಾಟ ಮುಗಿಯುವ ದಿನ) ಕಳೆದಿದೆ, ದೀಪಾವಳಿ ತನಕ ಪುರುಸೊತ್ತು ಉಂಟು. ಆಮೇಲೆ ಮೇಳ ಹೊರಟಾಗ ಎರಡನ್ನೂ ಹೊಂದಿಸಲಿಕ್ಕೆ ಆಗುತ್ತದಾ? ಕಾಸರಗೋಡಿನಲ್ಲೇ ಮನೆ ಇಟ್ಟುಕೊಂಡು ಪೋಷಕ ನಟನಾಗಿ ಬದುಕು ಸಾಗುತ್ತದಾ? ಫೋನ್‌ನಲ್ಲಿ ಏನೇನು ಕೇಳಬೇಕು? ಆಶೀರ್ವಾದ, ಶುಭಾಶಯ ಎಲ್ಲ ಆಮೇಲೆ ಇರಲಿ, ಮೊದಲು ವಿಷಯ ಹೇಳಿ.

ಕುಂಬ್ಳೆ ಸೀಮೆ
ಮೇಳ ಬಿಡಲೇಬಾರದು. ಸೀರಿಯಲ್ ಇವತ್ತು ಇದ್ದು ನಾಳೆ ಇಲ್ಲದ್ದು.

ಕೆಂಗೇರಿ ಶೆಡ್ಯೂಲ್
ಬಿಡಬೇಕೋ ಬೇಡವೋ ಆಮೇಲೆ ನೋಡೋಣ. ಮೊದಲು ಆ "12 ದಿನ" ಅಂದರೆ ಏನು ಅಂತ ಬಿಡಿಸಿಕೊಳ್ಳಿ. ಅದು ಅವರು ನಿಮ್ಮಿಂದ ಕೇಳುವ ಗರಿಷ್ಠ ದಿನವೋ, ಕೆಲಸ ಇಲ್ಲದಿದ್ದರೂ ಸಂಬಳ ಕೊಡುವ ಖಾತರಿ ದಿನವೋ? ಹೆಚ್ಚಿನ ಕಡೆ ಮೊದಲಿನದ್ದೇ ಇರುತ್ತೆ. 12 ದಿನ ಖಾಲಿ ಇಟ್ಟುಕೊಂಡು ಕೂತಿರುತ್ತೀರಿ, 7 ದಿನ ಮಾತ್ರ ಕರೀತಾರೆ, ಪೇಮೆಂಟ್ 7ಕ್ಕೇ.

ಇನ್ನೊಂದು, ಈ ದಿನಗಳು ತಿಂಗಳ ಮೊದಲೇ ಗೊತ್ತಾಗಲ್ಲ. ಡೈಲಿ ಸೀರಿಯಲ್‌ನಲ್ಲಿ ದಿನಕ್ಕೆ ಸುಮಾರು ಒಂದು ಎಪಿಸೋಡ್ ತೆಗೀಬೇಕು, ಅಂದರೆ ಜಾಹೀರಾತು ಬಿಟ್ಟು 20–22 ನಿಮಿಷ. ಕೈಯಲ್ಲಿ ಬ್ಯಾಂಕಿಂಗ್, ಅಂದರೆ ಮೊದಲೇ ತೆಗೆದಿಟ್ಟ ಎಪಿಸೋಡ್, ಇದ್ದರೆ ಶೆಡ್ಯೂಲ್ ವಾರದ ಮುಂಚೆ ಬರುತ್ತೆ. ಬ್ಯಾಂಕಿಂಗ್ ಕರಗಿದರೆ ಇವತ್ತು ರಾತ್ರಿ ಮೆಸೇಜ್, ನಾಳೆ ಬೆಳಿಗ್ಗೆ 7ಕ್ಕೆ ಮೇಕಪ್. ಗುರುವಾರ ರೇಟಿಂಗ್ ಬರುತ್ತೆ, ನಂಬರ್ ಕೆಳಗೆ ಬಂದರೆ ಕಥೆಯ ಟ್ರ್ಯಾಕ್ ತಿರುಗುತ್ತೆ. ಮಾವನ ಪಾತ್ರ ಎರಡು ವಾರ ಕಾಶಿಗೆ ಹೋಗುತ್ತೆ, ಅಥವಾ ಇದ್ದಕ್ಕಿದ್ದ ಹಾಗೆ ಆಸ್ಪತ್ರೆ ಮಂಚದ ಮೇಲೆ ಮಲಗಿ 9 ದಿನ ಸತತ ಶೂಟಿಂಗ್. ಇದಕ್ಕೆಲ್ಲ ಯಾರನ್ನೂ ದೂರೋ ಹಾಗಿಲ್ಲ, ಕೆಲಸದ ಸ್ವರೂಪವೇ ಅದು. ಹಾಗಾಗಿ ಫೋನ್‌ನಲ್ಲಿ ಮೊದಲ ಪ್ರಶ್ನೆ: ಮಿನಿಮಮ್ ಗ್ಯಾರಂಟಿ ಎಷ್ಟು ದಿನ? ಎರಡನೆಯದು: ಸತತವಾಗಿ 4 ದಿನದ ಎರಡು ಮೂರು ಕಂತುಗಳಾಗಿ ಕೊಡುತ್ತೀರಾ? ದೂರದ ಊರಿನವರು ಅಂದರೆ ಶೆಡ್ಯೂಲ್ ಮಾಡೋರು ಕಂತಿಗೆ ಒಪ್ಪೋದುಂಟು, ಆದರೆ ಮೊದಲೇ ಕೇಳಬೇಕು.

ಲೆಕ್ಕದ ಪುಸ್ತಕ
ಹಣ ಎಷ್ಟು ಉಳಿಯುತ್ತದೆ ಅಂತ ನೋಡದೆ ತೀರ್ಮಾನ ಮಾಡಬೇಡಿ. ಲೆಕ್ಕಕ್ಕಾಗಿ ಮಾತ್ರ ದಿನಕ್ಕೆ 3,000 ಅಂತ ಇಟ್ಟುಕೊಳ್ಳುತ್ತೇನೆ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ.

12 ದಿನಕ್ಕೆ 36,000. ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) 10 ಶೇಕಡ ಹೋದರೆ 32,400. ಕೆಲಸ ಕೊಡಿಸಿದ ಕೋ-ಆರ್ಡಿನೇಟರ್‌ಗೆ 10 ಶೇಕಡ ಅಂದರೆ ಮತ್ತೆ 3,600 ಹೋಗಿ 28,800. ಮೂರು ಸಲ ಹೋಗಿ ಬರಲಿಕ್ಕೆ ತಲಾ 1,500ರಂತೆ 4,500. ರೂಮು 15 ರಾತ್ರಿ, ತಲಾ 600, ಒಟ್ಟು 9,000. ಊಟ ತಿಂಡಿ ಸೆಟ್‌ನಲ್ಲೇ. ಕೈಗೆ ಬರುವುದು 15,300. 36 ಸಾವಿರ ಅಂತ ಮನೆಯಲ್ಲಿ ಹೇಳಿಟ್ಟರೆ ಮುಂದೆ ಮನಸ್ತಾಪ.

ಇನ್ನು ಪೇಮೆಂಟ್ ಯಾವಾಗ? ಕೆಲವು ಕಡೆ 30 ದಿನ, ಕೆಲವು ಕಡೆ 60, 90 ಕೂಡ ಉಂಟು. 60 ದಿನ ಅಂದರೆ ಮೊದಲ ಎರಡು ತಿಂಗಳ ರೈಲು, ರೂಮು 27,000 ನಿಮ್ಮ ಕಿಸೆಯಿಂದ. ಈ ಹಣ ಬದಿಗೆ ಇಲ್ಲದವರು ಮೂರನೇ ಟ್ರಿಪ್ಪಿಗೇ ಸಾಲ ಮಾಡುತ್ತಾರೆ. ಅದೇ ಕಾರಣಕ್ಕೆ ಒಳ್ಳೆಯ ನಟರು ಮಧ್ಯದಲ್ಲೇ ಬಿಟ್ಟು ಬರುವುದು.

ಉಪ್ಪಳ ಪೇಟೆ
ಟಿಡಿಎಸ್ ಬಗ್ಗೆ ಸಣ್ಣ ತಿದ್ದುಪಡಿ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ದಾಟಿದರೆ ಮಾತ್ರ ಹಿಡಿಯಬೇಕು (ಮೊದಲು 30,000 ಇತ್ತು, 2025ರ ಏಪ್ರಿಲ್‌ನಿಂದ ಏರಿತು). ಪ್ಯಾನ್ ಕೊಡದಿದ್ದರೆ 20 ಶೇಕಡ ಹಿಡಿಯುತ್ತಾರೆ. ಮತ್ತೆ ಹಿಡಿದದ್ದು ಹೋಯಿತು ಅಂತ ಅಲ್ಲ, ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ. ಸಿನಿಮಾ ಕಲಾವಿದರು ಅಂದಾಜು ತೆರಿಗೆ ಪದ್ಧತಿಯಲ್ಲಿ ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಬಹುದು, ಖರ್ಚಿನ ಚೀಟಿ ಒಂದೊಂದೇ ಜೋಡಿಸುವ ಗೋಜಿಲ್ಲ. ಮೇಳದ ಕಲಾವಿದರು ಹೆಚ್ಚಿನವರು ರಿಟರ್ನ್ ಹಾಕುವುದೇ ಇಲ್ಲ, ಹಣ ಸುಮ್ಮನೆ ಅಲ್ಲೇ ಉಳಿಯುತ್ತದೆ.

ಲೆಕ್ಕದ ಪುಸ್ತಕ
ಸರಿ, ಒಪ್ಪಿದೆ. ಆದರೆ ವಾಪಸ್ ಬರುವುದು ಮುಂದಿನ ವರ್ಷ. ರೂಮಿನ ಬಾಡಿಗೆ ಈ ತಿಂಗಳು.

ಜಾಲ್ಸೂರು ದಾರಿ
ರೈಲಿನ ವಿಷಯ ಯಾರೂ ಎತ್ತಲಿಲ್ಲ. ಕಣ್ಣೂರು–ಬೆಂಗಳೂರು ರಾತ್ರಿ ರೈಲು ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. 7ರ ಮೇಕಪ್‌ಗೆ ಅದನ್ನು ನಂಬಿ ಹೋಗಬೇಡಿ. ಸುಬ್ರಹ್ಮಣ್ಯ ರೋಡ್–ಸಕಲೇಶಪುರ ಘಾಟಿ ಸುಮಾರು 55 ಕಿ.ಮೀ., ಮಳೆಗಾಲದಲ್ಲಿ ಎಲ್ಲಿ ಯಾವಾಗ ಗುಡ್ಡ ಜಾರುತ್ತದೆ ಹೇಳಲಿಕ್ಕೆ ಬಾರದು. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಜಾರಿದಾಗ ವಾರದ ಮೇಲೆ ರೈಲೇ ಇರಲಿಲ್ಲ. ಇವರಿಗೆ ಪುರುಸೊತ್ತು ಇರುವುದು ಅದೇ ಜೂನ್‌ನಿಂದ ಅಕ್ಟೋಬರ್. ಹಾಗಾಗಿ ಒಂದು ದಿನ ಮೊದಲೇ ಹೋಗಿ ಮಲಗಬೇಕು, ರೂಮಿನ ಲೆಕ್ಕದಲ್ಲಿ ಆ ರಾತ್ರಿಯೂ ಸೇರಬೇಕು. ರೈಲು ನಿಂತರೆ ಚೆರ್ಕಳ–ಮುಳ್ಳೇರಿಯ–ಜಾಲ್ಸೂರು–ಸುಳ್ಯ–ಮಡಿಕೇರಿ–ಮೈಸೂರು ದಾರಿಯಲ್ಲಿ ಬಸ್.

ಲೆಕ್ಕದ ಪುಸ್ತಕ
ಸೇರಿಸಿದ್ದೇನೆ. 4 ದಿನದ ಕಂತಿಗೆ 5 ರಾತ್ರಿ, ಮೂರು ಕಂತಿಗೆ 15.

ಚೌಕಿ ಬದಿ
ಮೇಳ ಹೊರಟ ಮೇಲೆ ಎರಡೂ ನಡೆಯಲಿಕ್ಕಿಲ್ಲ. ಕಾಲಮಿತಿ ಆಟ (ಇಡೀ ರಾತ್ರಿ ಆಡದೆ ಬೇಗ ಮುಗಿಸುವುದು) ಆದರೂ ರಾತ್ರಿ 12, 12.30 ಆಗುತ್ತದೆ. ಬಣ್ಣ ತೆಗೆದು ಹೊರಡುವಾಗ 1.30. ಅಲ್ಲಿಂದ 400 ಕಿ.ಮೀ. ಬೆಂಗಳೂರು. ಮತ್ತೆ ಚರ್ಮ! ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ (ಮುಖದ ಮೇಲಿನ ಮುಳ್ಳಿನಂಥ ಚುಕ್ಕಿ) ಇಟ್ಟು ತೆಗೆದ ಮುಖದಲ್ಲಿ ಕೆಂಪು ಗೆರೆ ಒಂದೂವರೆ ದಿನ ಇರುತ್ತದೆ. ಎಚ್‌ಡಿ ಕ್ಯಾಮೆರಾದಲ್ಲಿ ಮೇಕಪ್ ಅಡಿಯಿಂದಲೂ ಆ ಗೆರೆ ಕಾಣುತ್ತದೆ. ಮೇಳದ ಯಜಮಾನರಲ್ಲಿ ಈಗಲೇ ಮಾತಾಡಿ, ವರ್ಷದ ಕರಾರು ಬದಲಿಸಿ ಆಯ್ದ ಆಟಗಳಿಗೆ ಮಾತ್ರ ಅತಿಥಿ ಕಲಾವಿದನಾಗಿ ಬರುತ್ತೇನೆ ಅಂತ ಕೇಳಿ ನೋಡಬಹುದು. ದೀಪಾವಳಿಗೆ ನಾಲ್ಕು ದಿನ ಇರುವಾಗ ಬರುವುದಿಲ್ಲ ಅಂದರೆ ಆ ಜಾಗ ತುಂಬುವುದು ಅವರಿಗೂ ಕಷ್ಟ, ಇವರ ಹೆಸರೂ ಕೆಡುತ್ತದೆ.

ಪೈವಳಿಕೆ
ಭಾಷೆ ಹೇಗೆ? ಮಾವನ ಪಾತ್ರ ಯಾವ ಊರಿನದ್ದು? ಅದು ಗೊತ್ತಾಗದೆ ಹೋದರೆ ಮೊದಲ ದಿನವೇ 14 ಟೇಕ್.

ನೀರ್ಚಾಲಿನವ
ಮೈಸೂರು ಕಡೆಯ ನಿವೃತ್ತ ಹೆಡ್‌ಮಾಸ್ಟರ್ ಅಂತೆ.

ಪೈವಳಿಕೆ
ಹಾಗಾದರೆ ತಯಾರಿ ಈಗಲೇ ಸುರು ಮಾಡಲಿ. "ಉಂಟು" ಬದಲು "ಇದೆ", "ಮಾಡ್ಲಿಕ್ಕೆ" ಬದಲು "ಮಾಡೋಕೆ", ಇದೆಲ್ಲ ಸುಲಭ. ಸ್ಕ್ರಿಪ್ಟ್‌ನಲ್ಲಿ ಹಾಗೆಯೇ ಬರೆದಿರುತ್ತಾರೆ. ಕಷ್ಟ ಇರುವುದು ಬರೆಯದೆ ಬಿಟ್ಟ ಕಡೆ. "ಬರ್ತೇನೆ" ಎಂಬ ನಮ್ಮ "ಏ" ಅಲ್ಲಿ "ಬರ್ತೀನಿ" ಆಗಬೇಕು, ಬಾಯಿ ಅರ್ಧ ಮುಚ್ಚಬೇಕು. ನಾವು ಪದದ ಕೊನೆಯ ಸ್ವರವನ್ನು ಪೂರ್ತಿ ಹೇಳುತ್ತೇವೆ, ಅವರು ನುಂಗುತ್ತಾರೆ. ಇನ್ನು ಅರ್ಥಧಾರಿಯ, ಅಂದರೆ ಪಾತ್ರದ ಮಾತನ್ನು ಆಗಲೇ ಕಟ್ಟಿ ಹೇಳುವವನ, ಅಭ್ಯಾಸವೊಂದು ಉಂಟು, ವಾಕ್ಯದ ಕೊನೆಯ ಅಕ್ಷರವನ್ನು ಎಳೆದು ಎತ್ತಿ ನಿಲ್ಲಿಸುವುದು. ರಂಗಸ್ಥಳದಲ್ಲಿ ಭಾಗವತರಿಗೆ, ಎದುರು ಪಾತ್ರಕ್ಕೆ ಅದು ಸೂಚನೆ. ನಿವೃತ್ತ ಹೆಡ್‌ಮಾಸ್ಟರ್ ಕಾಫಿ ಕೇಳುವಾಗ ಹಾಗೆ ಎಳೆದರೆ ಪಾತ್ರ ಮುರಿಯಿತು. ಪೇಪರಿನ ಒಂದು ಪ್ಯಾರಾ ಓದಿ, ಅದನ್ನೇ ಪೇಪರ್ ಮುಚ್ಚಿ ಮನೆ ಮಾತಲ್ಲಿ ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಲಿ. ದಿನಕ್ಕೆ 20 ನಿಮಿಷ, ಮೂರು ವಾರ.

ತಲಪಾಡಿ ಗೇಟು
ನಮ್ಮ ಮಾತನ್ನೇಕೆ ಅಳಿಸಬೇಕು? 2025ರ ಜುಲೈಯಲ್ಲಿ ಬಂದ "ಸು ಫ್ರಮ್ ಸೋ" ಪೂರ್ತಿ ಕರಾವಳಿ ಮಾತಿನದ್ದು, ಇಡೀ ಕರ್ನಾಟಕ ನೋಡಿತು. ನಿರ್ದೇಶಕ ಜೆ.ಪಿ. ತುಮಿನಾಡು, ನಟ ಪ್ರಕಾಶ್ ತುಮಿನಾಡು ಇಬ್ಬರೂ ಮಂಗಳೂರಿನ ರಂಗಭೂಮಿಯವರು.

ಮಂಜೇಶ್ವರ ಬೀಚ್
ರಂಗಭೂಮಿ ಸರಿ, ಊರು ಸರಿ ಮಾಡಿಕೊಳ್ಳಿ. ತುಮಿನಾಡು ಇರುವುದು ಮಂಜೇಶ್ವರದಲ್ಲಿ, ತಲಪಾಡಿಯಿಂದ ಈಚೆಗೆ, ಕಾಸರಗೋಡು ಜಿಲ್ಲೆ. ಎಲ್ಲವನ್ನೂ ಮಂಗಳೂರಿಗೆ ಕೊಡಬೇಡಿ.

ಪೈವಳಿಕೆ
ಅಳಿಸಿ ಅಂತ ನಾನು ಹೇಳಲಿಲ್ಲ. ಇನ್ನೊಂದು ಮಾತು ಕಲಿಯಿರಿ ಅಂದೆ. ಕರಾವಳಿ ಕಥೆಗೆ ಕರಾವಳಿ ಮಾತು, ಮೈಸೂರಿನ ಮೇಷ್ಟ್ರಿಗೆ ಮೈಸೂರಿನದ್ದು. ಪೋಷಕ ನಟನ ಬಂಡವಾಳವೇ ಅದು. ಗಡಿನಾಡಿನವರಿಗೆ ಕನ್ನಡ, ತುಳು, ಮಲಯಾಳ ಮೂರೂ ಇರುವುದು ಎಷ್ಟು ದೊಡ್ಡ ಅನುಕೂಲ ಅಂತ ಹೆಚ್ಚಿನವರು ಪ್ರೊಫೈಲ್‌ನಲ್ಲಿ ಬರೆಯುವುದೇ ಇಲ್ಲ.

ಬೂಮ್ ರಾಡ್
ಸೆಟ್‌ನ ಒಳಗಿನ ಕೆಲಸದ ಬಗ್ಗೆ ಹೇಳುತ್ತೇನೆ, ಯಕ್ಷಗಾನದಿಂದ ಬಂದವರು ಎಡವುವುದು ಇಲ್ಲೇ.

ಪ್ರಾಂಪ್ಟಿಂಗ್ ಇರುವ ಸೆಟ್ಟಾ, ಸಿಂಕ್ ಸೌಂಡಾ (ಶೂಟಿಂಗ್ ಹೊತ್ತಿನ ದನಿಯನ್ನೇ ಇಟ್ಟುಕೊಳ್ಳುವುದು), ಮೊದಲು ಅದು ಗೊತ್ತಾಗಬೇಕು. ಪ್ರಾಂಪ್ಟಿಂಗ್ ಆದರೆ ಸಹಾಯಕ ನಿರ್ದೇಶಕರು ಪಕ್ಕದಿಂದ ಸಾಲು ಹೇಳುತ್ತಾರೆ, ನಟ ಅರ್ಧ ಕ್ಷಣ ಹಿಂದೆ ಹೇಳುತ್ತಾ ಹೋಗಬೇಕು. ಹೊಸಬರ ಕಿವಿ ಆ ಕಡೆ ಹೋದ ಕೂಡಲೇ ಕಣ್ಣೂ ಹೋಗುತ್ತದೆ, ಶಾಟ್ ಕೆಡುತ್ತದೆ. ಕಣ್ಣು ಎದುರಿನ ನಟನ ಮುಖದಲ್ಲೇ ಇರಬೇಕು. ಅದರಲ್ಲೂ ಕ್ಯಾಮೆರಾಕ್ಕೆ ಹತ್ತಿರ ಇರುವ ಒಂದು ಕಣ್ಣನ್ನೇ ನೋಡಬೇಕು. ಎರಡು ಕಣ್ಣಿನ ನಡುವೆ ದೃಷ್ಟಿ ಓಡಾಡಿದರೆ ಕ್ಲೋಸಪ್‌ನಲ್ಲಿ ಕಳ್ಳನ ಹಾಗೆ ಕಾಣುತ್ತದೆ.

ಸಿಂಕ್ ಸೌಂಡ್ ಆದರೆ ಪ್ರಾಂಪ್ಟಿಂಗ್ ಇಲ್ಲ, ಬಾಯಿಪಾಠ ಬೇಕು. ಎದೆಯ ನಡುವೆ ಅಂಗಿಯೊಳಗೆ ಸಣ್ಣ ಮೈಕ್ ಅಂಟಿಸುತ್ತಾರೆ. ಗಂಜಿ ಹಾಕಿದ ಹತ್ತಿಯ ಅಂಗಿ ಅದರ ಮೇಲೆ ಉಜ್ಜಿದರೆ ಒಣ ತರಗೆಲೆ ಮೆಟ್ಟಿದ ಸದ್ದು. ಜನಿವಾರಕ್ಕೆ ಕೀಲಿಕೈ ಕಟ್ಟಿದ್ದರೆ ಕಿಣಿಕಿಣಿ. ತಾಳಮದ್ದಳೆಯವರು (ವೇಷ ಇಲ್ಲದೆ ಕೂತು ಮಾತಾಡುವ ಯಕ್ಷಗಾನದವರು) "ನಾನು" ಅನ್ನುವಾಗ ಎದೆಗೆ ಅಂಗೈ ತಟ್ಟುತ್ತಾರಲ್ಲ, ಅದು ಮೈಕ್‌ಗೆ ನೇರ ಪೆಟ್ಟು, ಆ ಟೇಕ್ ಹೋಯಿತು. ಕೈ ಎತ್ತಲಿ, ಎದೆಗೆ ತಾಗಿಸದೆ ನಿಲ್ಲಿಸಲಿ.

ನೆಲದಲ್ಲಿ ಟೇಪ್ ಗುರುತು ಹಾಕಿರುತ್ತಾರೆ, ಬಂದು ಅಲ್ಲೇ ನಿಲ್ಲಬೇಕು. ಕೆಳಗೆ ನೋಡುವ ಹಾಗಿಲ್ಲ. ರಿಹರ್ಸಲ್‌ನಲ್ಲಿ ಗುರುತಿನ ಮೇಲೆ ನಿಂತು ಅಲ್ಲಿಂದ ಹಿಂದಕ್ಕೆ ಹೆಜ್ಜೆ ಎಣಿಸಿ ಬಾಗಿಲಿಗೆ ಹೋಗುವುದು, ಟೇಕ್‌ನಲ್ಲಿ ಅಷ್ಟೇ ಹೆಜ್ಜೆ ಮುಂದೆ ಬರುವುದು. ತಾಳ ಗೊತ್ತಿರುವ ವೇಷಧಾರಿಗೆ ಇದು ಒಂದೇ ದಿನದಲ್ಲಿ ಕೈವಶ ಆಗುತ್ತದೆ, ಬೇರೆಯವರಿಗಿಂತ ಬೇಗ.

ಚೌಕಿ ಬದಿ
ಅರ್ಥಗಾರಿಕೆಯವರಿಗೆ ಬಾಯಿಪಾಠ ಹೇಳಿಕೊಡುವುದಾ! ಮೂರು ಗಂಟೆ ಕಾಗದ ಇಲ್ಲದೆ ಮಾತಾಡುವವರು ಅವರು.

ಬೂಮ್ ರಾಡ್
ತೊಂದರೆ ಇರುವುದು ಅಲ್ಲಿಯೇ. ಆ ಕ್ಷಣದಲ್ಲಿ ಹೊಳೆದದ್ದನ್ನು ಹೇಳುವುದು ಅವರ ವಿದ್ಯೆ, ದೊಡ್ಡ ವಿದ್ಯೆ. ಕ್ಯಾಮೆರಾಕ್ಕೆ ಬೇಕಾದದ್ದು ಅದೇ ಮಾತು, ಅದೇ ಜಾಗ, ಅದೇ ಕೈ, ಎಂಟು ಸಲ. ಮೊದಲು ಮಾಸ್ಟರ್ ಶಾಟ್ (ಇಡೀ ದೃಶ್ಯ ಒಟ್ಟಿಗೆ) ತೆಗೆಯುತ್ತಾರೆ, ಆಮೇಲೆ ಒಬ್ಬೊಬ್ಬರ ಕ್ಲೋಸಪ್. ಮಾಸ್ಟರ್‌ನಲ್ಲಿ "ಮನೆ" ಅನ್ನುವಾಗ ಬಲಗೈಯಿಂದ ಕನ್ನಡಕ ತೆಗೆದರೆ ಕ್ಲೋಸಪ್‌ನಲ್ಲೂ ಅದೇ ಪದಕ್ಕೆ, ಅದೇ ಕೈಯಿಂದ. ಇಲ್ಲದಿದ್ದರೆ ಸಂಕಲನದಲ್ಲಿ ಕೂಡಿಸಲಿಕ್ಕೆ ಆಗುವುದಿಲ್ಲ, ಎಡಿಟರ್ ಇವರ ಶಾಟನ್ನೇ ಬಿಟ್ಟು ಸೊಸೆಯ ಮುಖಕ್ಕೆ ಹೋಗುತ್ತಾರೆ. ನಾಲ್ಕು ವಾರ ಹೀಗಾದರೆ ಬರಹಗಾರರು ಸಾಲು ಕೊಡುವುದು ಕಡಿಮೆ ಮಾಡುತ್ತಾರೆ. ಪಾತ್ರ ಸಣ್ಣದಾಯಿತು ಅಂತ ಬೇಜಾರು ಮಾಡುವವರಲ್ಲಿ ಎಷ್ಟೋ ಜನರ ಪಾತ್ರ ಸಣ್ಣದಾದ ಕಾರಣ ಇಷ್ಟೇ.

ಚೌಕಿ ಬದಿ
ಇದು ಒಪ್ಪುವ ಮಾತು. ಹುಬ್ಬಿನ ವಿಷಯ ಸೇರಿಸಿ. ರಂಗಸ್ಥಳದಲ್ಲಿ ಕೊನೆಯ ಸಾಲಿನವನಿಗೂ ಕಾಣಬೇಕು ಅಂತ ಎತ್ತುವ ಹುಬ್ಬು ಕ್ಲೋಸಪ್‌ನಲ್ಲಿ ಪರದೆ ತುಂಬ ಹುಬ್ಬೇ.

ಗಂಧರ್ವ ಮೇಕಪ್
ಹೆಡ್‌ಮಾಸ್ಟರ್ ಪಾತ್ರಕ್ಕೆ ಮೀಸೆ ಉಂಟಾ? ಮೇಳದವರು ಮೀಸೆ ಬೋಳಿಸಿರುತ್ತಾರೆ, ಹಾಗಾಗಿ ಅಂಟಿಸುವುದೇ ದಾರಿ. ಬಲೆಯ ಮೇಲೆ ನೇಯ್ದ ಮೀಸೆ, ಸ್ಪಿರಿಟ್ ಗಮ್. ಹಚ್ಚುವ ಮೊದಲು ಮೇಲ್ದುಟಿಯನ್ನು ಆಲ್ಕೋಹಾಲ್‌ನಿಂದ ಒರೆಸಿ ಎಣ್ಣೆ ಜಿಡ್ಡು ತೆಗೆಯಬೇಕು, ಗಮ್ ಅರೆ ಒಣಗಿ ಬೆರಳಿಗೆ ಅಂಟಂಟು ಆದ ಮೇಲೆ ಕೂರಿಸಬೇಕು. ಹಸಿಯಾಗಿ ಕೂರಿಸಿದರೆ ಜಾರುತ್ತದೆ. ಮೊದಲು ಏಳುವುದು ತುಟಿಯ ಎರಡು ತುದಿ. ಪ, ಬ, ಮ ಬರುವ ಮಾತಿಗೆ ತುಟಿ ಕೂಡಿ ಬಿಡುವಾಗೆಲ್ಲ ಅಲ್ಲಿ ಎಳೆತ. "ಅಮ್ಮ", "ಪಾಪ", "ಬಾಮ್ಮ" ಇರುವ ಸೀನ್ ಆದರೆ ಊಟದ ನಂತರ ಒಮ್ಮೆ ತುದಿ ಒತ್ತಿ ನೋಡಲೇಬೇಕು. ತೆಗೆಯುವಾಗ ರಿಮೂವರ್ ಹಾಕಿ ಎರಡು ನಿಮಿಷ ಬಿಡಿ, ಕಿತ್ತರೆ ಚರ್ಮ ಬರುತ್ತದೆ.

ಸ್ವಂತ ಮೀಸೆ ಬೆಳೆಸಿದರೆ ಇದೆಲ್ಲ ಇಲ್ಲ, ಆದರೆ ನವೆಂಬರ್‌ನಲ್ಲಿ ಮತ್ತೆ ಬೋಳಿಸಿ ವೇಷ ಮಾಡುವ ಹಾಗೂ ಇಲ್ಲ. ಸೀರಿಯಲ್‌ನ ಕಂಟಿನ್ಯುಟಿ (ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಿಕೆ) ಮೀಸೆಯಲ್ಲೂ ಉಂಟು.

ಕಾಞಂಗಾಡ್ ಫಸ್ಟ್ ಶೋ
ಬೆಂಗಳೂರಿಗೇ ಯಾಕೆ ಹೋಗಬೇಕು? ಕಾಸರಗೋಡಿನಲ್ಲೇ ಮಲಯಾಳ ಸಿನಿಮಾಗಳು ತಯಾರಾಗುತ್ತಿವೆ, ಸ್ಥಳೀಯ ನಾಟಕದವರನ್ನೇ ಹಾಕುತ್ತಾರೆ. 2022ರ "ನ್ನಾ ತಾನ್ ಕೇಸ್ ಕೊಡು" ಚಿತ್ರದ ಮ್ಯಾಜಿಸ್ಟ್ರೇಟ್ ಪಾತ್ರ ಮಾಡಿದ ಪಿ.ಪಿ. ಕುಞಿಕೃಷ್ಣನ್ ಈ ಜಿಲ್ಲೆಯವರೇ, ನಿವೃತ್ತ ಶಾಲಾ ಮೇಷ್ಟ್ರು. ಆ ಪಾತ್ರಕ್ಕೆ ಕೇರಳ ರಾಜ್ಯ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಹೆಸರು ನೋಡಿ, ಅಲ್ಲಿ "ಸ್ವಭಾವನಟ" ಅನ್ನುತ್ತಾರೆ. ನಮ್ಮಲ್ಲಿ "ಪೋಷಕ ನಟ". ಯಾರನ್ನು ಪೋಷಿಸುವುದು? ನಾಯಕನನ್ನಾ?

ಹಳೇ ರೀಲು
ಪೋಷಕ ಎಂಬ ಪದದಲ್ಲಿ ಕೀಳು ಏನಿಲ್ಲ. ಕಥೆಯನ್ನು ಪೋಷಿಸುವವನು. ಕರ್ನಾಟಕ ಸರಕಾರ ಪೋಷಕ ನಟ ಪ್ರಶಸ್ತಿಗೆ ಇಟ್ಟ ಹೆಸರೇ ಕೆ.ಎಸ್. ಅಶ್ವತ್ಥ್ ಅವರದ್ದು. 1955ರಲ್ಲಿ ಬಂದವರು, 2010ರಲ್ಲಿ ತೀರಿಕೊಳ್ಳುವ ತನಕ ಜನ ಅವರನ್ನು ಕರೆದದ್ದು 1972ರ "ನಾಗರಹಾವು" ಚಿತ್ರದ ಚಾಮಯ್ಯ ಮೇಷ್ಟ್ರು ಅಂತಲೇ. ನಟ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿ ತನ್ನ ಸಾಲು ಎತ್ತುತ್ತಿದ್ದರು. ಟೈಮಿಂಗ್‌ನಲ್ಲಿ ಒಂದು ಕೂದಲೆಳೆ ತಪ್ಪಿಲ್ಲ. ಈ ವೇಷಧಾರಿ 52 ಆಯಿತು ಅಂತ ಹಿಂಜರಿಯುವುದಾದರೆ ನಟ ದತ್ತಣ್ಣನವರನ್ನು ನೆನಪಿಸಿ. ಅವರು ನಾಟಕ ಶಾಲೆಯಿಂದ ನೇರ ತೆರೆಗೆ ಬಂದವರಲ್ಲ, ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು, ಸಿನಿಮಾಕ್ಕೆ ಬರುವಾಗ 40 ದಾಟಿತ್ತು. 2019ರಲ್ಲಿ ಹಿಂದಿ ಸಿನಿಮಾದಲ್ಲಿ ವಿಜ್ಞಾನಿಯ ಪಾತ್ರ ಮಾಡುವಾಗ 77.

ಕಾಞಂಗಾಡ್ ಫಸ್ಟ್ ಶೋ
ಸ್ವಭಾವನಟ ಅಂದರೆ ಮನುಷ್ಯನ ಸ್ವಭಾವ ತೋರಿಸುವವನು. ನನಗೆ ಈಗಲೂ ಅದೇ ಸರಿ ಕಾಣುತ್ತದೆ.

ಕುಂಬ್ಳೆ ಸೀಮೆ
ಲೋಕನಾಥರನ್ನು ಬಿಟ್ಟಿರಲ್ಲ! 1974ರ "ಭೂತಯ್ಯನ ಮಗ ಅಯ್ಯು"ವಿನ ಉಪ್ಪಿನಕಾಯಿ ದೃಶ್ಯ. ಒಂದೇ ದೃಶ್ಯ, ಹೆಸರಿನ ಮುಂದೆ ಉಪ್ಪಿನಕಾಯಿ ಸೇರಿತು.

ಬೂಮ್ ರಾಡ್
ಊಟದ ಸೀನ್ ಮಾಡಿದವರಿಗೇ ಗೊತ್ತು ಅದು ಎಷ್ಟು ಕಷ್ಟ ಅಂತ. ಯಾವ ಪದಕ್ಕೆ ತುತ್ತು ಎತ್ತುವುದು, ಯಾವ ಪದಕ್ಕೆ ಅಗಿಯುವುದು ಮೊದಲೇ ತೀರ್ಮಾನ ಆಗಬೇಕು. ತುತ್ತು ನೆಲ್ಲಿಕಾಯಿಗಿಂತ ದೊಡ್ಡದು ಬೇಡ, ಎಂಟು ಟೇಕ್ ಆದಾಗ ಎಂಟು ತುತ್ತು. ಕಟ್ ಹೇಳಿದ ಮೇಲೆ ಉಗುಳಲಿಕ್ಕೆ ಪಾತ್ರೆ ಕೇಳಿ, ನಾಚಿಕೆ ಬೇಡ. ಎಲೆಯಲ್ಲಿ ಅನ್ನ ಎಷ್ಟು ಉಳಿದಿತ್ತು ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಲಿ.

ಅತ್ತೆ ಪಾತ್ರ
ಇಲ್ಲಿ ಎಲ್ಲರೂ ಮಾವನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಕಡೆಯಿಂದ ಅಮ್ಮ, ಅತ್ತೆ ಪಾತ್ರಕ್ಕೆ ಹೋಗುವ ಹೆಂಗಸರಿಗೆ ಬಟ್ಟೆಯೇ ಪ್ರತ್ಯೇಕ ಖರ್ಚು. ದಿನಕ್ಕೆ ಮೂರು ಸೀರೆ ಬದಲಾವಣೆ ಇರಬಹುದು, ಎಲ್ಲ ಸ್ವಂತದ್ದು ತನ್ನಿ ಅನ್ನುವ ಕಡೆಯೂ ಉಂಟು. ಕಾಸ್ಟ್ಯೂಮ್ ಭತ್ಯೆ ಬೇರೆಯಾಗಿ ಕೇಳಿ, ದಿನದ ಪೇಮೆಂಟ್‌ನಲ್ಲಿ ಸೇರಿದೆ ಅಂದರೆ ಒಪ್ಪಬೇಡಿ. ತೆಳು ಗೆರೆಯ ಸೀರೆ ಕ್ಯಾಮೆರಾದಲ್ಲಿ ಅಲುಗಾಡಿದ ಹಾಗೆ ಕಾಣುತ್ತದೆ, ಅಚ್ಚ ಬಿಳಿ ಹೊಳೆಯುತ್ತದೆ, ಅವೆರಡು ತೆಗೆದುಕೊಂಡು ಹೋಗುವುದೇ ದಂಡ.

ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಉಂಟಾ ಅಂತ ಫೋನ್‌ನಲ್ಲೇ ಕೇಳಬೇಕು, ಹೊರಾಂಗಣ ಇದ್ದರೆ ಖಂಡಿತ. 2024ರ ಆಗಸ್ಟ್‌ನಲ್ಲಿ ಹೊರಬಂದ ಹೇಮಾ ಸಮಿತಿ ವರದಿಯಲ್ಲಿ ಮಲಯಾಳ ಸೆಟ್‌ಗಳ ಈ ಕೊರತೆ ಅಕ್ಷರಶಃ ದಾಖಲಾಗಿದೆ. ಕೇಳಿದರೆ ಪಾತ್ರ ಹೋಗುತ್ತದೆ ಅಂತ ಹೆದರಿ ಸುಮ್ಮನಿದ್ದು ಇಡೀ ದಿನ ನೀರು ಕುಡಿಯದೆ ಕೂತು ಕಾಯಿಲೆ ತಂದುಕೊಳ್ಳಬಾರದು.

ಕೆಂಗೇರಿ ಶೆಡ್ಯೂಲ್
ಅತ್ತೆ ಪಾತ್ರ ಹೇಳಿದ್ದು ನೂರಕ್ಕೆ ನೂರು. ಕರಾರು ಪತ್ರದಲ್ಲಿ ನೋಡಬೇಕಾದ್ದು ಇನ್ನೂ ಎರಡು. ಒಂದು, ಬೇರೆ ಚಾನೆಲ್‌ನಲ್ಲಿ ಮಾಡಬಾರದು ಅಂತ ಬರೆದಿದ್ದಾರಾ? 7 ದಿನದ ಕೆಲಸಕ್ಕೆ ಇಡೀ ತಿಂಗಳು ಕಟ್ಟಿಹಾಕಿದ ಹಾಗಾಗುತ್ತೆ. ಅಂಥ ಷರತ್ತು ಇದ್ದರೆ ಮಿನಿಮಮ್ ಗ್ಯಾರಂಟಿ ಇರಲೇಬೇಕು. ಯಕ್ಷಗಾನ, ತಾಳಮದ್ದಳೆ ಮಾಡಬಹುದು ಅಂತ ಒಂದು ಸಾಲು ಸೇರಿಸಿ ಅಂತ ಕೇಳಿ. ಇನ್ನೊಂದು, ಬಿಡಬೇಕಾದರೆ ಎಷ್ಟು ದಿನದ ನೋಟಿಸ್? 30 ಇದ್ದರೆ ನ್ಯಾಯ.

ಸಿನಿಮಾ ಬಂದರೆ ಲೆಕ್ಕ ಬೇರೆ. ಅಲ್ಲಿ ಪ್ಯಾಕೇಜ್, ಅಡ್ವಾನ್ಸ್ ಸ್ವಲ್ಪ, ಬಾಕಿ ಡಬ್ಬಿಂಗ್ ಹೊತ್ತಿಗೆ. ಡಬ್ಬಿಂಗ್ ಮುಗಿಸಿ ಕೊಟ್ಟ ಮೇಲೆ ಬಾಕಿ ಕೇಳೋದು ಬಹಳ ಕಷ್ಟ. ಸ್ಟುಡಿಯೋ ಒಳಗೆ ಹೋಗೋ ಮೊದಲೇ ಇತ್ಯರ್ಥ ಆಗಬೇಕು.

ಗಡಿ ಕನ್ನಡ
ಕಲಾವಿದರ ಕ್ಷೇಮನಿಧಿ? ಕರ್ನಾಟಕದಲ್ಲಿ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಮಸೂದೆ ಪಾಸಾಗಿತ್ತು, ಟಿಕೆಟ್ ಮೇಲೆ 1ರಿಂದ 2 ಶೇಕಡ ಸೆಸ್. ಮನೆ ಕೇರಳದಲ್ಲಿ, ದುಡಿಮೆ ಕರ್ನಾಟಕದಲ್ಲಿ ಇರುವವರು ಎರಡೂ ಕಡೆ ಅರ್ಜಿ ಹಾಕಿ ವಿಚಾರಿಸಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮದು ಹೀಗೆಯೇ, ಎಲ್ಲಿಯೂ ಪಟ್ಟಿಯಲ್ಲಿ ಹೆಸರು ತಾನಾಗಿ ಬರುವುದಿಲ್ಲ. ಕೆಲಸ ಮಾಡಿದ ಪ್ರತಿ ದಿನದ ಕಾಲ್‌ಶೀಟ್ ಫೋಟೊ, ವೋಚರ್ ಜೋಪಾನ ಮಾಡಿದರೆ ನಾಳೆ ತೋರಿಸಲಿಕ್ಕೆ ದಾಖಲೆ ಆಗುತ್ತದೆ.

ನೀರ್ಚಾಲಿನವ
ಎಲ್ಲವನ್ನೂ ಅವರಿಗೆ ಓದಿ ಹೇಳಿದೆ. ಕಾಗದದಲ್ಲಿ ಬರೆದುಕೊಂಡಿದ್ದಾರೆ: ಮಿನಿಮಮ್ ಗ್ಯಾರಂಟಿ, 4 ದಿನದ ಕಂತು, ಪೇಮೆಂಟ್ ಎಷ್ಟು ದಿನಕ್ಕೆ, ರೂಮು ಯಾರದ್ದು, ತಾಳಮದ್ದಳೆಗೆ ಅನುಮತಿ, 30 ದಿನದ ನೋಟಿಸ್. ಗ್ಯಾರಂಟಿ 8 ದಿನಕ್ಕಿಂತ ಕಡಿಮೆ ಅಂದರೆ ಬೇಡ ಅನ್ನುತ್ತಾರಂತೆ. ಮೇಳದ ಯಜಮಾನರನ್ನು ನಾಳೆ ಬೆಳಿಗ್ಗೆಯೇ ಕಾಣುತ್ತಾರೆ. ಮೀಸೆ ಅಂಟಿಸುವುದೇ ಅಂತೆ.

ಬೂಮ್ ರಾಡ್
ಸಿಂಕ್ ಸೌಂಡಾ ಅಂತ ಕೇಳಲಿಕ್ಕೆ ಬರೆದಿಲ್ಲ. ಅದನ್ನೂ ಸೇರಿಸಿ. ಮೊದಲ ದಿನದ ಸೀನ್ ಪೇಪರ್ ಹಿಂದಿನ ರಾತ್ರಿಯೇ ಕಳಿಸಿ ಅಂತಲೂ ಕೇಳಿ.

ಗಂಧರ್ವ ಮೇಕಪ್
ಗಮ್ ಚರ್ಮಕ್ಕೆ ಒಗ್ಗುತ್ತದಾ ಅಂತ ಮೊಣಕೈ ಒಳಬದಿಗೆ ಒಂದು ಹನಿ ಇವತ್ತೇ ಹಚ್ಚಿ ನೋಡಲಿ. ಕೆಲವರಿಗೆ ತುರಿಕೆ ಬರುವುದು ಮರುದಿನ.